ದೋಸೆ ಹಿಟ್ಟಿನಲ್ಲಿ ಅನುಪಾತ ಕಲಿಸುವುದು ಹೇಗೆ?

ದಾವಣಗೆರೆಯ ಕಿರಾಣಿ ಅಂಗಡಿಗಳ ಮುಂದೆ ಆಗಾಗ ನೋಡುತ್ತೇನೆ. ಅಪ್ಪ ಐನೂರರ ನೋಟು ಕೊಟ್ಟು, ಪಕ್ಕದಲ್ಲಿ ನಿಂತ ಮಗನಿಗೆ ‘ಚಿಲ್ಲರೆ ಎಷ್ಟು ಬರಬೇಕು? ಬೇಗ ಹೇಳು’ ಅನ್ನುತ್ತಾರೆ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಹುಡುಗ ತಲೆ ತಗ್ಗಿಸುತ್ತಾನೆ. ಕೊನೆಗೆ ಅಪ್ಪನೇ ಉತ್ತರ ಹೇಳಿ, ‘ಇಷ್ಟೂ ಬರಲ್ವಾ?’ ಅಂತ ಗದರುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಮನೆಯ ಲೆಕ್ಕ ಕಲಿಸಲು ಮನೆಯೇ ಸರಿಯಾದ ಜಾಗ, ಅದೂ ಅವಸರ ಇಲ್ಲದ ಹೊತ್ತಿನಲ್ಲಿ.

ಆರು, ಏಳನೇ ಕ್ಲಾಸಿನ ಮಕ್ಕಳು ಜಾಸ್ತಿ ಎಡವುವುದು ಅನುಪಾತದಲ್ಲಿ. ಅದನ್ನು ನಾನು ಕಲಿಸುವುದು ಬೆಣ್ಣೆದೋಸೆಯ ಹಿಟ್ಟಿನಿಂದ.

ಮೊದಲು, ಮನೆಗೆ ನಿಜವಾಗಿಯೂ ಬೇಕಾದ ಲೆಕ್ಕವನ್ನೇ ಹಿಡಿಯಿರಿ. ನಾಳೆ ನೆಂಟರು ಬರುತ್ತಾರೆ, ಹಿಟ್ಟು ಜಾಸ್ತಿ ಬೇಕು, ಅಷ್ಟು ಸಾಕು. ಪ್ಲಾಸ್ಟಿಕ್ ನೋಟು, ಬಣ್ಣದ ಹಣ್ಣು ತುಂಬಿದ ‘ಗಣಿತ ಕಿಟ್’ ಕೊಳ್ಳಬೇಡಿ. ಎರಡು ದಿನ ಆಡಿ ಮೂಲೆಗೆ ಎಸೆಯುತ್ತಾರೆ.

ಆಮೇಲೆ, ಅಳೆಯುವ ಕೆಲಸ ಮಗುವಿಗೇ ಬಿಡಿ. ಎಲ್ಲದಕ್ಕೂ ಒಂದೇ ಲೋಟ. ಮಂಡಕ್ಕಿಯನ್ನು ಒತ್ತಿ ತುಂಬಬಾರದು, ಪುಡಿಯಾದರೆ ಅಳತೆ ತಪ್ಪುತ್ತದೆ. ನಮ್ಮ ಮನೆಯ ಲೆಕ್ಕ: 4 ಲೋಟ ಅಕ್ಕಿ, 1 ಲೋಟ ಉದ್ದಿನಬೇಳೆ, 2 ಲೋಟ ಮಂಡಕ್ಕಿ, ಒಂದು ಚಮಚ ಮೆಂತ್ಯ.

ಈಗ ಪ್ರಶ್ನೆ ಕೇಳಿ. ಬಹಳ ಜನ ಕೆಡಿಸುವುದು ಇಲ್ಲೇ. ‘6 ಲೋಟ ಅಕ್ಕಿ ಹಾಕಿದರೆ ಉದ್ದಿನಬೇಳೆ ಎಷ್ಟು?’ ಅಂತ ತಂಗಿಯ ಮಗಳನ್ನು ಕೇಳಿದೆ. ತಟ್ಟನೆ ‘ಮೂರು, ದೊಡ್ಡಮ್ಮ’ ಅಂದಳು. ಅಕ್ಕಿ 4ರಿಂದ 6 ಆಯಿತು, ಎರಡು ಹೆಚ್ಚಾಯಿತು. ಹಾಗಾದರೆ ಬೇಳೆಯೂ ಎರಡು ಹೆಚ್ಚಾಗಬೇಕು ಅನ್ನುವುದು ಅವಳ ಯೋಚನೆ. ಗುಣಿಸುವ ಕಡೆ ಕೂಡುವುದು, ನಾನು ನೋಡಿದ ಮುಕ್ಕಾಲು ಮಕ್ಕಳ ತಪ್ಪು ಇದೇ. ಇದರ ಹಿಂದೆ ಒಂದು ಯೋಚನೆ ಇದೆ, ಹಾಗಾಗಿ ‘ತಪ್ಪು’ ಅಂದರೆ ಮಗುವಿಗೆ ಅರ್ಥ ಆಗುವುದಿಲ್ಲ.

ನಾನು ‘ಸರಿ, 8 ಲೋಟ ಅಕ್ಕಿ ಹಾಕಿದರೆ?’ ಅಂದೆ. ‘ಡಬಲ್ ಅಲ್ವಾ, ಎರಡು ಲೋಟ.’ ಅಷ್ಟು ಹೇಳಿ ಅವಳೇ ನಿಂತಳು. ಡಬ್ಬಿಯ ಮುಚ್ಚಳ ಅವಳ ಕೈಯಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಈ ಹೊತ್ತಿನಲ್ಲಿ ದೊಡ್ಡವರು ಸುಮ್ನೆ ಇರಬೇಕು. ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ. ಸ್ವಲ್ಪ ಹೊತ್ತಿಗೆ ‘ಎಂಟಕ್ಕೇ ಎರಡು ಅಂದ್ರೆ ಆರಕ್ಕೆ ಮೂರು ಹೇಗಾಗುತ್ತೆ?’ ಅಂದಳು. ಒಂದು ಮತ್ತು ಎರಡರ ನಡುವೆ ಬರಬೇಕು ಅಂತ ಅವಳೇ ಕಂಡುಕೊಂಡಳು. ಒಂದೂವರೆ ಲೋಟ ಅಂತ ಹೇಳಿ, ತಾನೇ ಅಳೆದು ಹಾಕಿದಳು. ಮಂಡಕ್ಕಿ ಮೂರು ಲೋಟ ಅಂತ ಹೇಳಲು ಒಂದು ಕ್ಷಣವೂ ಬೇಕಾಗಲಿಲ್ಲ.

ಹೀಗೆ ತಪ್ಪು ಉತ್ತರದ ಪಕ್ಕದಲ್ಲೇ ಮಗುವಿಗೆ ಖಚಿತವಾಗಿ ಗೊತ್ತಿರುವ ಇನ್ನೊಂದು ಉತ್ತರ ತಂದು ನಿಲ್ಲಿಸಬೇಕು. ದುಪ್ಪಟ್ಟು, ಅರ್ಧ, ಇವೆರಡು ಯಾವಾಗಲೂ ಕೆಲಸಕ್ಕೆ ಬರುತ್ತವೆ.

ಅಡ್ಡ ಗುಣಾಕಾರ, ಅಂದರೆ ‘4 × ಬೇಳೆ = 6 × 1’ ಅಂತ ಬರೆದು ಬಿಡಿಸುವ ರೀತಿ, ಮೊದಲ ದಿನ ಬೇಡವೇ ಬೇಡ. ಉತ್ತರ ಬೇಗ ಬರುತ್ತದೆ, ನಿಜ. ಆದರೆ ಬೇಳೆ ಆರು ಲೋಟ ಅಂತ ಬಂದರೂ ಮಗು ಅನುಮಾನ ಪಡದೆ ಬರೆದುಬಿಡುತ್ತದೆ.

ಬಾಯಿಲೆಕ್ಕವನ್ನು ಅವತ್ತೇ ಹಾಳೆಗೆ ಇಳಿಸಿ. ಈ ಹಂತ ಬಿಟ್ಟರೆ ಅಡುಗೆಮನೆಯ ಲೆಕ್ಕ ಅಲ್ಲೇ ಉಳಿಯುತ್ತದೆ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವ್ಯಾಪಾರದ ಹೊತ್ತಿನಲ್ಲಿ ಅವರ ಲೆಕ್ಕ 100ಕ್ಕೆ 98 ಸರಿ ಇತ್ತು. ಅಂಥವೇ ಲೆಕ್ಕಗಳನ್ನು ಶಾಲೆಯ ರೀತಿ ಬರಿ ಅಂಕಿಗಳಲ್ಲಿ ಕೊಟ್ಟಾಗ 37ಕ್ಕೆ ಇಳಿಯಿತು. ಹಾಗಾಗಿ ಅಕ್ಕಿ, ಬೇಳೆ ಅಂತ ಎರಡು ಸಾಲು ಹಾಕಿಸಿ. 4ರ ಎದುರು 1, 8ರ ಎದುರು 2, 6ರ ಎದುರು ಒಂದೂವರೆ, 2ರ ಎದುರು ಅರ್ಧ. ಬೇಳೆ ಯಾವಾಗಲೂ ಅಕ್ಕಿಯ ಕಾಲು ಭಾಗ ಅಂತ ಮಗುವಿನ ಬಾಯಲ್ಲೇ ಬಂದ ಮೇಲೆ 4:1 ಅಂತ ಬರೆದು ತೋರಿಸಿ.

ಹೊಲ ಇರುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಗುಂಟೆಯದು. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, 1089 ಚದರ ಅಡಿ. ಉದ್ದ ಅಗಲ ಎರಡನ್ನೂ ದುಪ್ಪಟ್ಟು ಮಾಡಿದರೆ ಎಷ್ಟು ಗುಂಟೆ? ‘ಎರಡು’ ಅನ್ನುತ್ತಾರೆ. ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕ ಹಾಕಿಸಿ, ನಾಲ್ಕು ಚೌಕ ಅವರೇ ಎಣಿಸಲಿ. ಪೇಟೆ ಮಕ್ಕಳಿಗೆ 30-40ರ ಸೈಟು ದೊಡ್ಡದೋ ಒಂದು ಗುಂಟೆ ದೊಡ್ಡದೋ ಅಂತ ಕೇಳಿ. ಸೈಟೇ 111 ಚದರ ಅಡಿ ದೊಡ್ಡದು.

ಕೊನೆಗೆ, ಅನುಪಾತ ನಡೆಯದ ಒಂದು ಪ್ರಶ್ನೆ ಇಡಿ. 4 ಲೋಟ ಅಕ್ಕಿ ನೆನೆಯಲು 5 ಗಂಟೆ ಬೇಕು, 8 ಲೋಟಕ್ಕೆ ಎಷ್ಟು ಗಂಟೆ? ‘ಹತ್ತು’ ಅಂದರೆ ವಾದ ಮಾಡಬೇಡಿ. ಎರಡು ಪಾತ್ರೆಯಲ್ಲಿ ನೆನೆಹಾಕಿಸಿ, ಐದು ಗಂಟೆ ಆದ ಮೇಲೆ ಎರಡರಿಂದಲೂ ಒಂದೊಂದು ಕಾಳು ತೆಗೆದು ಉಗುರಿನಲ್ಲಿ ಚಿವುಟಿ ನೋಡಲು ಹೇಳಿ.