ಕರಿಯನಿಗೆ ಜಗಲಿಯೇ ಸ್ಟುಡಿಯೋ

ಕಪ್ಪು ನಾಯಿಯ ಒಳ್ಳೆಯ ಫೋಟೊ ಮನೆಯಲ್ಲಿ ಬರುವುದಿಲ್ಲ, ಸ್ಟುಡಿಯೋ ಲೈಟ್ ಇಲ್ಲದಿದ್ದರೆ ಆ ಆಸೆ ಬಿಡಿ ಎಂದು ಕ್ಯಾಮೆರಾ ಹಿಡಿದ ಗೆಳೆಯರೆಲ್ಲ ಹೇಳಿದ್ದರು. ಈ ಮಳೆಗಾಲದಲ್ಲಿ ತೆಗೆದ ನಮ್ಮ ನಾಯಿ ಕರಿಯನ ಚಿತ್ರಗಳನ್ನು ನೋಡಿ ಅವರೇ ಈಗ ‘ಯಾವ ಲೈಟ್?’ ಎಂದು ಕೇಳುತ್ತಿದ್ದಾರೆ. ನಮ್ಮ ಮನೆಯ ಜಗಲಿ ಮತ್ತು ಒಂದು ಹಳೆಯ ಬಿಳಿ ಪಂಚೆ ಎಂದರೆ ಅರ್ಧ ಜನ ನಂಬುವುದಿಲ್ಲ.

ದುಡ್ಡು ಹೋದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಸುಮಾರು ಆರು ಸಾವಿರಕ್ಕೆ ಫ್ಲ್ಯಾಶ್ ತಂದೆ. ನೇರವಾಗಿ ಹೊಡೆದರೆ ಕಣ್ಣುಗಳು ಹಸಿರಾಗಿ ಉರಿಯುತ್ತಿದ್ದವು. ಬೆಳಕು ಮಾಡಿಗೆ ಬಡಿದು ಮೃದುವಾಗಿ ಇಳಿಯಲೆಂದು ಮೇಲಕ್ಕೆ ತಿರುಗಿಸಿ ಹೊಡೆಯೋಣವೆಂದರೆ ನಮ್ಮದು ಮಲೆನಾಡಿನ ಹೆಂಚಿನ ಮನೆ; ಹೊಗೆ ಹಿಡಿದ ಜಂತೆಗಳೇ ಬೆಳಕನ್ನೆಲ್ಲ ನುಂಗಿಕೊಂಡವು. ಫ್ಲ್ಯಾಶನ್ನು ಅರ್ಧ ಬೆಲೆಗೆ ಮಾರಿದೆ. ಆಮೇಲೆ ಅಗ್ಗದ ಎಲ್‌ಇಡಿ ಬಲ್ಬುಗಳು. ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಚಿತ್ರದ ತುಂಬ ಅಡ್ಡ ಪಟ್ಟೆಗಳು. ಶಟರ್ ವೇಗವನ್ನು ಸೆಕೆಂಡಿನ 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ, ಆದರೆ ಕರಿಯ ಬಾಲದ ಜೊತೆ ಮೈಯನ್ನೂ ಅಲ್ಲಾಡಿಸುವ ಪೈಕಿ, ಚಿತ್ರ ಕಲಸಿಹೋಗುತ್ತದೆ. ಅದೂ ಎರಡು ಸಾವಿರದ ಹತ್ತಿರ ನೀರಿಗೆ ಬಿತ್ತು.

ಕಪ್ಪು ಮೈಯ ಆಕಾರ ಕಾಣುವುದು ಕೂದಲಿನ ಹೊಳಪಿನಲ್ಲಿ. ಆ ಹೊಳಪು ಮೃದುವಾಗಿ ಹರಡಬೇಕಾದರೆ ಬೆಳಕಿನ ಮೂಲ ದೊಡ್ಡದಿರಬೇಕು. ಮೋಡ ಕವಿದ ಅಂಗಳಕ್ಕಿಂತ ದೊಡ್ಡ ಲೈಟನ್ನು ಯಾವ ಅಂಗಡಿ ಮಾರುತ್ತದೆ? ಕರಿಯನನ್ನು ಜಗಲಿಯ ಅಂಚಿನಿಂದ ಎರಡು ಮಾರು ಒಳಗೆ, ಬೆಳಕು ಓರೆಯಾಗಿ ಬೀಳುವಂತೆ ಕೂರಿಸುತ್ತೇನೆ. ಹಿಂದೆ ನಡುಮನೆಯ ಕತ್ತಲೆ. ಅವನ ಮುಂಗಾಲಿನ ಎದುರು, ಚೌಕಟ್ಟಿಗೆ ಸಿಗದಂತೆ, ಪಂಚೆ ಹಾಸುತ್ತೇನೆ. ಗಲ್ಲದ ಕೆಳಗಿನ ಗೆರೆ, ಕತ್ತಿನ ಸುಳಿ, ಮೀಸೆಯ ಬುಡ ಎಲ್ಲ ಅದರಿಂದ ಪುಟಿದ ಬೆಳಕಿನಲ್ಲೇ ಎದ್ದು ಬರುತ್ತವೆ. ಪಂಚೆ ಎಳೆದುಬಿಟ್ಟರೆ ಕಂಬಳಿಗೆ ಎರಡು ಗುಂಡಿ ಹೊಲಿದ ಹಾಗೆ ಕಣ್ಣು ಮಾತ್ರ ಉಳಿಯುತ್ತವೆ.

ಬೆಳಕು ಅಳೆಯುವ ಕ್ಯಾಮೆರಾ ಮೀಟರಿನ ಮಾತು ಕೇಳಿದರೆ ಕರಿಯ ಬೂದಿ ಬಣ್ಣಕ್ಕೆ ತಿರುಗುತ್ತಾನೆ. ಹಾಗಾಗಿ ಮೈನಸ್ 1, ಅಂದರೆ ಮೀಟರ್ ಹೇಳಿದ್ದರ ಅರ್ಧ ಬೆಳಕು; ಮೋಡ ತೆಳುವಾದ ದಿನ ಇನ್ನೂ ಸ್ವಲ್ಪ ಕೆಳಗೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸುಮಾರು ಐದು ಸಾವಿರಕ್ಕೆ ಸಿಕ್ಕ 50 ಎಂಎಂ ಲೆನ್ಸ್, ಶಟರ್ 1/250ರ ಆಸುಪಾಸು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯನ್ನು, 1.8ರಷ್ಟು ಅಗಲಕ್ಕೆ ತೆರೆಯುವ ಚಪಲ ಬೇಡ: ಕಣ್ಣು ಚೂಪಾಗಿ ಬಂದರೂ ಉದ್ದ ಮೂತಿಯ ನಾಯಿಗೆ ಮೂಗು ಕರಗಿಹೋಗುತ್ತದೆ. ನನ್ನದು 3.5, 4; ಕಿಂಡಿ ಅದಕ್ಕಿಂತ ಕಿರಿದು. ನಾನು ನೆಲಕ್ಕೆ ಎದೆ ಹಚ್ಚಿ ಮಲಗಿರುತ್ತೇನೆ. ಮನೆಯವರು ದಾಟಿಕೊಂಡು ಓಡಾಡುತ್ತಾರೆ.

ನಡುವೆ ಹೊಳಪು ಹೆಚ್ಚಲೆಂದು ಕೊಬ್ಬರಿ ಎಣ್ಣೆ ಸವರಿ ನೋಡಿದೆ. ಕೂದಲು ಜಡೆಗಟ್ಟಿತು, ಧೂಳೆಲ್ಲ ಅಂಟಿತು, ಉಳಿದದ್ದನ್ನು ಅವನು ನೆಕ್ಕಿದ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಚುವುದೇ ಸಾಕು. ಪಕ್ಕದ ಮನೆಯ ಬಿಳಿ ಬೆಕ್ಕಿಗೆ ಲೆಕ್ಕ ತಿರುಗುಮುರುಗು: ಪ್ಲಸ್ ಮುಕ್ಕಾಲು, ಪಂಚೆಯ ಜಾಗದಲ್ಲಿ ಕರಿ ಕಂಬಳಿ. ಬೆಕ್ಕು ಹೋಗಿ ಕಂಬಳಿಯ ಮೇಲೆಯೇ ಮಲಗಿತು. ಆ ಪ್ರಯೋಗ ಅರ್ಧಕ್ಕೇ ನಿಂತಿದೆ.

ಕರಿಯ ತಲೆ ಓರೆ ಮಾಡಿ ಎರಡೂ ಕಿವಿ ನಿಮಿರಿಸಲು ನಾನು ಒಂದು ಸದ್ದು ಮಾಡುತ್ತೇನೆ. ಬಿಸ್ಕತ್ತಿನ ಪೊಟ್ಟಣದ ಸದ್ದಂತೂ ಅಲ್ಲ. ಅದಕ್ಕೆ ಅವನು ಲೆನ್ಸಿಗೇ ಮೂತಿ ಒರೆಸುತ್ತಾನೆ. ಯಾವ ಸದ್ದು ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ಊರಿನವರು ತಮ್ಮ ನಾಯಿಗಳನ್ನು ಕರೆತರಲು ಶುರುಮಾಡಿದ್ದಾರೆ, ತಲೆಗೆ ಮುನ್ನೂರು ರೂಪಾಯಿ ಪಡೆಯುತ್ತಿದ್ದೇನೆ. ಫ್ಲ್ಯಾಶಿನ ನಷ್ಟ ಇನ್ನೂ ಪೂರ್ತಿ ತುಂಬಿಲ್ಲ.