ಟಾರ್ಚ್ ಆಫ್ ಮಾಡಿ ಕಪ್ಪೆ ಹುಡುಕೋದು: ನನ್ನ ಅನುಭವ

ಕಪ್ಪೆ ನೋಡೋಕೆ ಹೋಗ್ತೀನಿ ಅಂದ್ರೆ ಎದುರಿಗಿದ್ದೋರು ಮೊದಲು ಕೇಳೋದು ಯಾಕೆ ಅಂತ, ಆಮೇಲೆ ಕೇಳೋದು ಅದೂ ರಾತ್ರಿ ಯಾಕೆ ಅಂತ. ಮೊದಲನೇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಹುಚ್ಚು ಅಷ್ಟೇ. ಎರಡನೇದಕ್ಕೆ ಇದೆ. ನಮ್ಮ ಘಟ್ಟದ ಕಪ್ಪೆಗಳು ಬಹಳಷ್ಟು ಕತ್ತಲಾದ ಮೇಲೇ ಕೂಗೋದು, ಕೂಗಿದ್ರೆ ಮಾತ್ರ ಸಿಗೋದು. ಹಗಲಲ್ಲಿ ಅದೇ ಪೊದೆ ಎಷ್ಟು ತಡಕಿದ್ರೂ ಎಲೆ ಬಿಟ್ರೆ ಏನೂ ಕಾಣಲ್ಲ.

ಮಲೆನಾಡಲ್ಲಿ ಹುಟ್ಟಿ ಬೆಳೆದೋರಿಗೆ ಕಪ್ಪೆ ಕೂಗು ಹೊಸದೇನಲ್ಲ, ಮಳೆಗಾಲ ಪೂರ್ತಿ ಅದರಲ್ಲೇ ಮಲಗಿ ಏಳ್ತೀವಿ. ಆದ್ರೆ ಅದನ್ನ ಒಂದೇ ಗಲಾಟೆ ಅಂತ ಕೇಳೋದು ಬೇರೆ, ಅದರೊಳಗೆ ಏಳೆಂಟು ದನಿ ಬಿಡಿಸಿ ಕೇಳೋದು ಬೇರೆ. ಕೂಗೋದು ಗಂಡು, ಹೆಣ್ಣು ಕರೆಯೋಕೆ, ಜೊತೆಗೆ ಪಕ್ಕದ ಗಂಡಿಗೆ ಈ ಕಡೆ ಬರಬೇಡ ಅನ್ನೋಕೆ. ಒಂದೊಂದು ಜಾತಿ ಕೂಗು ಒಂದೊಂದು ಥರ, ಇಲ್ಲದಿದ್ರೆ ಅಷ್ಟು ಗದ್ದಲದಲ್ಲಿ ಹೆಣ್ಣಿಗೆ ತನ್ನೋನು ಯಾರು ಅಂತ ಹೇಗೆ ಗೊತ್ತಾಗಬೇಕು ಹೇಳಿ. ಹಾಗಾಗಿ ನಾನು ಕಪ್ಪೆ ಕಲಿತಿದ್ದು ಫೋಟೋ ಪುಸ್ತಕದಿಂದ ಶುರು ಮಾಡಿ ಅಲ್ಲ, ಮನೆ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ ಕಿವಿಯಿಂದ.

ಮಾಡೋದು ಇಷ್ಟೇ. ಒಂದು ಜಾಗ ನೋಡ್ಕೊಂಡು ನಿಲ್ಲೋದು, ಹೆಡ್ ಟಾರ್ಚ್ ಆಫ್ ಮಾಡೋದು, ಅಲ್ಲಾಡದೆ ಇರೋದು. ನಾವು ನಡೆದು ಬಂದಾಗ ಸುತ್ತಲಿದ್ದ ಕಪ್ಪೆಗಳೆಲ್ಲ ಗಪ್‌ಚುಪ್ ಆಗಿರ್ತವೆ, ಹೆಜ್ಜೆ ಅದುರು ಅವಕ್ಕೆ ಗೊತ್ತಾಗತ್ತೆ, ಬೆಳಕೂ ಗೊತ್ತಾಗತ್ತೆ. ನಾಕೈದು ನಿಮಿಷ ಸುಮ್ಮನೆ ನಿಂತ್ರೆ ದೂರದಲ್ಲಿ ಯಾವುದೋ ಒಂದು ಧೈರ್ಯಸ್ಥ ಗಂಡು ಒಂದು ಸಲ ಟಿಕ್ ಅನ್ನತ್ತೆ, ಆಮೇಲೆ ಅದರ ಪಕ್ಕದ್ದು, ಆಮೇಲೆ ನಿಮ್ಮ ಕಿವಿ ಬುಡದಲ್ಲೇ ಒಂದು, ನೋಡ್ತಾ ನೋಡ್ತಾ ಇಡೀ ಪೊದೆ ಶುರು ಆಗತ್ತೆ. ಬಹಳ ಜನಕ್ಕೆ ಈ ನಾಕೈದು ನಿಮಿಷ ತಡೆಯೋಕೆ ಆಗಲ್ಲ. ಮೊಬೈಲ್ ತೆಗೀತಾರೆ, ಉಂಬಳ (ಜಿಗಣೆ) ಹತ್ತಿದ್ಯಾ ನೋಡ್ತಾರೆ, ಇಲ್ಲಿ ಏನೂ ಇಲ್ಲ ಮುಂದೆ ಹೋಗೋಣ ಅಂತಾರೆ. ಗುಂಪು ಕಟ್ಕೊಂಡು ಹೋಗೋದು ನಾನು ಬಿಟ್ಟಿದ್ದೇ ಇದಕ್ಕೆ.

ಆದ್ರೂ ಒಬ್ಬರು ಜೊತೆಗಿದ್ರೆ ಒಂದು ದೊಡ್ಡ ಅನುಕೂಲ ಇದೆ. ಪೊದೆಗಪ್ಪೆ ದನಿ ಎಲ್ಲಿಂದ ಬರ್ತಿದೆ ಅಂತ ಒಬ್ಬನೇ ಹೇಳೋದು ಬಹಳ ಕಷ್ಟ, ಎಡಗಡೆ ಅನ್ಸತ್ತೆ, ತಲೆ ತಿರುಗಿಸಿದ್ರೆ ಬಲಗಡೆ ಅನ್ಸತ್ತೆ. ಅದಕ್ಕೆ ಇಬ್ರೂ ನಾಲ್ಕೈದು ಹೆಜ್ಜೆ ಅಂತರದಲ್ಲಿ ನಿಂತು, ಕಿವಿ ಹಿಂದೆ ಅಂಗೈ ಬಟ್ಟಲು ಮಾಡಿಟ್ಕೊಂಡು ತಲೆ ನಿಧಾನ ಆ ಕಡೆ ಈ ಕಡೆ ತಿರುಗಿಸಿ, ದನಿ ಜೋರಾಗಿ ಬರೋ ದಿಕ್ಕಿಗೆ ಕೈ ಚಾಚಬೇಕು, ಆಮೇಲೆ ಇಬ್ರೂ ಒಟ್ಟಿಗೆ ಟಾರ್ಚ್ ಹಾಕಬೇಕು. ಎರಡು ಬೆಳಕು ಎಲ್ಲಿ ಸೇರತ್ತೋ ಅಲ್ಲಿ ಅದು ಇರತ್ತೆ. ಇರತ್ತೆ ಅಂದ ಮಾತ್ರಕ್ಕೆ ಕಾಣತ್ತೆ ಅಂತ ಅಲ್ಲ, ಎರಡೂವರೆ ಸೆಂಟಿಮೀಟರ್ ಪ್ರಾಣಿ ಅದು. ಎಲೆ ಮೇಲೆ ಹುಡುಕಿ, ಎಲೆ ಅಡಿ ಹುಡುಕಿ, ಸಿಗದಿದ್ರೆ ಮತ್ತೆ ಟಾರ್ಚ್ ಆಫ್ ಮಾಡಿ ಶುರುವಿಂದ.

ನನಗೆ ಈ ಥರ ಸಿಕ್ಕಿದ್ರಲ್ಲಿ ಇವತ್ತಿಗೂ ಇಷ್ಟ ಹಳದಿ ಪೊದೆಗಪ್ಪೆ, ವಿಜ್ಞಾನದ ಹೆಸರು ರೋರ್ಕೆಸ್ಟಿಸ್ ಲ್ಯೂಟಿಯೋಲಸ್. ಬೆಳಕು ಸ್ವಲ್ಪ ಓರೆ ಮಾಡಿ ಹಿಡಿದು, ಉಸಿರು ಬಿಗಿಹಿಡಿದು ಹತ್ರ ಹೋದ್ರೆ ಅದು ಕೂಗ್ತಾನೇ ಇರತ್ತೆ. ಹಣ್ಣಾದ ಎಲೆ ಬಣ್ಣದ ಮೈ, ಕಣ್ಣಲ್ಲಿ ತೆಳು ನೀಲಿ ಉಂಗುರ, ಗಂಟಲ ಚೀಲ ಉಬ್ಬಿದಾಗ ಹೆಚ್ಚುಕಮ್ಮಿ ಕಪ್ಪೆಯಷ್ಟೇ ದೊಡ್ಡದು, ಟಾರ್ಚ್ ಬೆಳಕು ಅದರೊಳಗಿಂದ ಹಾದು ಆ ಕಡೆ ಎಲೆಯ ನರ ಮಸುಕಾಗಿ ಕಾಣತ್ತೆ. ಒಂದೊಂದು ಕೂಗಿಗೂ ಇಡೀ ಮೈ ಮುಂದಕ್ಕೆ ಜಗ್ಗಿ ಕೂತಿರೋ ಎಲೆ ಅಲ್ಲಾಡತ್ತೆ. ಶರಾವತಿ ಕಣಿವೆಯಲ್ಲಿ ಸಿಕ್ಕ ಇಂಥದ್ದಕ್ಕೆ 2007ರಲ್ಲಿ ನೀಲನೇತ್ರ ಅಂತ ಬೇರೆ ಜಾತಿಯಾಗೇ ಹೆಸರು ಕೊಟ್ಟಿದ್ರು, ಆಮೇಲೆ ಲ್ಯೂಟಿಯೋಲಸ್ಸಿಗೇ ಸೇರಿಸಿದ್ರು. ಈ ರೋರ್ಕೆಸ್ಟಿಸ್ ಅನ್ನೋ ಕುಲಕ್ಕೆ 2010ರಲ್ಲಿ ಆ ಹೆಸರಿಟ್ಟಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಮಾಡ್ತಾ ಕಪ್ಪೆ ಅಧ್ಯಯನ ಮಾಡಿದ ಸಿ.ಆರ್. ನಾರಾಯಣ ರಾವ್ ನೆನಪಿಗೆ. ಇವುಗಳ ಇನ್ನೊಂದು ವಿಶೇಷ ಏನಂದ್ರೆ ಗೊದಮೊಟ್ಟೆ ಅನ್ನೋ ಹಂತಾನೇ ಇಲ್ಲ, ಮೊಟ್ಟೆಯೊಳಗೇ ಎಲ್ಲ ಮುಗಿಸ್ಕೊಂಡು ನೇರ ಮರಿಗಪ್ಪೆ ಆಗಿ ಹೊರಗೆ ಬರ್ತವೆ. ಕೆರೆ ಹೊಳೆ ಏನೂ ಬೇಡ, ತೇವ ಇದ್ರೆ ಸಾಕು. ಬೆಟ್ಟದ ಮೇಲೆ ನೀರೇ ನಿಲ್ಲದ ಕಡೆನೂ ಪೊದೆಗಪ್ಪೆ ಇರೋದು ಅದಕ್ಕೇ.

ಯಾವಾಗ ಹೋಗಬೇಕು ಅಂತ ಕೇಳ್ತಾರೆ. ನಾನು ನೋಡೋದು ಮಳೆ ನಕ್ಷತ್ರ. ಮೃಗಶಿರ ಹಿಡೀತಿದ್ದ ಹಾಗೆ ಗದ್ದೆ ಬಯಲಲ್ಲಿ ಗೋಂಕರ್ ಕಪ್ಪೆ, ಗಂಡುಗಳು ಅರಿಶಿನ ಬಣ್ಣಕ್ಕೆ ತಿರುಗಿ ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸ್ಕೊಂಡು ನೀರಲ್ಲಿ ಒದ್ದಾಡ್ತಿರ್ತವೆ, ಇದಕ್ಕೆ ಹುಡುಕೋದೇನೂ ಬೇಡ, ರಸ್ತೇಲಿ ನಿಂತ್ರೂ ಕಾಣತ್ತೆ, ಒಂದೆರಡು ದಿನದ ಜಾತ್ರೆ ಅಷ್ಟೇ. ಆರಿದ್ರಾಗೆ ಪೊದೆಗಪ್ಪೆ ಪೂರಾ ಜೋರು. ಪುನರ್ವಸು, ಪುಷ್ಯ ಅನ್ನೋ ಹೊತ್ತಿಗೆ ತೋಟದ ಬಾವಿ, ನೀರಿನ ತೊಟ್ಟಿ ಇರೋ ಕಡೆ ಮಲಬಾರ್ ಹಾರುಗಪ್ಪೆ ನೊರೆಗೂಡು ನೇತಾಡ್ತಿರತ್ತೆ. ಹೆಣ್ಣು ಹಿಂಗಾಲಲ್ಲಿ ಕಡೆದು ಕಡೆದು ನೊರೆ ಎಬ್ಬಿಸಿ ಎಲೆಗಳನ್ನ ಸೇರಿಸಿ ಅಂಟಿಸಿರತ್ತೆ, ಹೊರಗಡೆ ಒಣಗಿ ಗಟ್ಟಿ ಆದ್ರೂ ಒಳಗೆ ಹಸಿ ಹಸಿ, ಮೊಟ್ಟೆ ಅಲ್ಲೇ ಒಡೆದು ಗೊದಮೊಟ್ಟೆಗಳು ಆಮೇಲೆ ಕೆಳಗಿನ ನೀರಿಗೆ ಉದುರ್ತವೆ. ಮನೇಲಿ ಮಕ್ಕಳಿದ್ರೆ ಇದನ್ನ ಮೊದಲು ತೋರಿಸಿ, ಕಾಡಿಗೆ ಹೋಗೋದೇ ಬೇಡ.

ನನ್ನ ಮಟ್ಟಿಗೆ ಮಳೆಗಾಲದ ಅಸಲಿ ರಾತ್ರಿ ಅಂದ್ರೆ ಶರಾವತಿ ಕಣಿವೆಯ ಹಳ್ಳದಂಚಿನದು. ಉತ್ತರ ಕನ್ನಡದ ಕತ್ತಲೆಕಾನಿನ ಕಡೆ ರಾಂಪತ್ರೆ ಜಡ್ಡಿ ಇದೆ, ವರ್ಷದ ಬಹುಪಾಲು ನೀರು ಜಿನುಗ್ತಾನೇ ಇರೋ ತಗ್ಗು ಕಾಡು. ಅಲ್ಲಿನ ಮರದ ಬೇರು ಕೆಸರಿಂದ ಮೇಲೆದ್ದು ಮಂಡಿ ಮಡಚಿ ಮತ್ತೆ ಕೆಸರಿಗೇ ಹೋಗಿರತ್ತೆ, ಕೆಸರಲ್ಲಿ ಗಾಳಿ ಸಿಗಲ್ಲ ಅಂತ ಉಸಿರಾಡೋಕೆ ಹೊರಗೆ ಬರೋ ಬೇರು ಅವು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅನ್ನೋ ಮರಕ್ಕೆ ಹೆಸರು ಬಂದಿದ್ದೇ ಈ ಜಾಗದಿಂದ, ಅಳಿವಿನಂಚಿನ ಮರ. ಒಂದು ಎಚ್ಚರಿಕೆ ಹೇಳ್ತೀನಿ, ಈ ಕಾಡಲ್ಲಿ ಹೊಲಗೇರು ಇರತ್ತೆ, ಅದರ ಸೊನೆ ತಾಗಿದ್ರೆ ಮೈ ಗುಳ್ಳೆ ಏಳತ್ತೆ. ಕತ್ತಲಲ್ಲಿ ಆಧಾರಕ್ಕೆ ಅಂತ ಸಿಕ್ಕ ಸಿಕ್ಕ ಮರ ಹಿಡ್ಕೋಬೇಡಿ.

ಇಲ್ಲಿ ಹಳ್ಳದಿಂದ ಟೋಕ್ ಅಂತ ಒಂದು ದನಿ ಬರತ್ತೆ, ಮರದ ಬಾಗಿಲನ್ನ ಬೆರಳ ಗೆಣ್ಣಲ್ಲಿ ತಟ್ಟಿದ ಹಾಗೆ. ಅದು ಕುಂಬಾರ ಕಪ್ಪೆ, ನಿಕ್ಟಿಬ್ಯಾಟ್ರಕಸ್ ಕುಂಬಾರ, 2014ರಲ್ಲಿ ಕೆ.ವಿ. ಗುರುರಾಜ ಮತ್ತವರ ಜೊತೆಯವರು ಹೊಸ ಜಾತಿ ಅಂತ ವಿವರಿಸಿದ್ದು. ಅದಕ್ಕೂ ಮುಂಚೆ ಎಷ್ಟು ವರ್ಷದಿಂದ ಅದು ಅಲ್ಲಿ ಬಾಗಿಲು ತಟ್ಟುತ್ತಿತ್ತೋ ಏನೋ! ಹೆಣ್ಣು ಮುಂಗಾಲ ಮೇಲೆ ತಲೆಕೆಳಗಾಗಿ ನಿಂತು ನೀರಿಂದ ಸ್ವಲ್ಪ ಮೇಲಿರೋ ಕಡ್ಡಿಗೋ ಬೇರಿಗೋ ಮೊಟ್ಟೆ ಅಂಟಿಸತ್ತೆ, ಅದು ಹೋದ ಮೇಲೆ ಗಂಡಿನ ಕೆಲಸ ಶುರು. ಹಳ್ಳದ ತಳದಿಂದ ಕೆಸರು ಬಾಚ್ಕೊಂಡು, ಹಿಂಗಾಲ ಮೇಲೆ ಎದ್ದು ನಿಂತು, ಎರಡೂ ಕೈಯಲ್ಲಿ ಮೊಟ್ಟೆಗೆ ಮೆತ್ತತ್ತೆ. ಮತ್ತೆ ಬಗ್ಗತ್ತೆ, ಮತ್ತೆ ಕೆಸರು, ಮತ್ತೆ ಮೆತ್ತೋದು. ನಾನು ನೋಡಿದ್ದು ಮೆತ್ತೋದು ಮಾತ್ರ, ಮೊಟ್ಟೆ ಇಡೋದು ನಾನು ಹೋಗೋ ಹೊತ್ತಿಗೆ ಮುಗಿದಿತ್ತು. ಕೆಂಪು ಬೆಳಕಲ್ಲಿ ನೋಡ್ತಾ ಕೂತಿದ್ದೆ, ಅದರ ಬೆರಳು ಕೆಸರನ್ನ ಒತ್ತಿ ಒತ್ತಿ ಸವರೋದು ಸ್ಪಷ್ಟ ಕಾಣ್ತಿತ್ತು, ಎಲ್ಲಾದ್ರೂ ಮೊಟ್ಟೆ ಬೆಳ್ಳಗೆ ಇಣುಕಿದ್ರೆ ಅಲ್ಲಿಗೇ ಮತ್ತೆ ಒಂದು ತುತ್ತು. ಮೊಟ್ಟೆ ಒಣಗದಿರಲಿ, ತಿನ್ನೋರ ಕಣ್ಣಿಗೆ ಬೀಳದಿರಲಿ ಅಂತ ಈ ಕೆಲಸ ಅಂತಾರೆ ತಿಳಿದೋರು. ಬಿಳಿ ಟಾರ್ಚ್ ಹಾಕಿದ್ರೆ ಕೆಲಸ ಬಿಟ್ಟು ಹೋಗೋ ಸಾಧ್ಯತೆ ಇದೆ ಅದಕ್ಕೇ ಕೆಂಪು ಬೆಳಕು, ಫೋಟೋಗೆ ಫ್ಲಾಶ್ ಹೊಡೆಯೋದು ಬೇಡವೇ ಬೇಡ. ನನ್ನ ಹತ್ರ ಅದರ ಒಂದು ಒಳ್ಳೆ ಫೋಟೋನೂ ಇಲ್ಲ, ಬೇಜಾರೂ ಇಲ್ಲ.

ಸಾಮಾನು ಅಂತ ಹೆಚ್ಚೇನಿಲ್ಲ. ಹೆಡ್ ಟಾರ್ಚ್, ಕೈಗೊಂದು ಬೇರೆ ಟಾರ್ಚ್, ಗಮ್ ಬೂಟು, ಉಂಬಳದ ಕಾಲುಚೀಲ, ಕೊಡೆ ಬೇಡ, ಕೊಡೆ ಮೇಲೆ ಮಳೆ ಬಿದ್ದ ಸದ್ದಲ್ಲಿ ಕಪ್ಪೆ ಕೇಳಲ್ಲ, ಅದೇ ಕಾರಣಕ್ಕೆ ಗರಗರ ಅನ್ನೋ ಪ್ಲಾಸ್ಟಿಕ್ ರೇನ್‌ಕೋಟೂ ಬೇಡ. ಉಂಬಳಕ್ಕೆ ನಮ್ಮೋರು ಹೊಗೆಸೊಪ್ಪು ಸುಣ್ಣ ಹಚ್ತಾರೆ, ಹಚ್ಚಿ, ಆದ್ರೆ ಆ ಕೈಯಲ್ಲಿ ಕಪ್ಪೆ ಮುಟ್ಟಬೇಡಿ. ಕಪ್ಪೆ ಚರ್ಮದಿಂದಾನೇ ನೀರು ಕುಡಿಯತ್ತೆ, ಉಸಿರೂ ಆಡತ್ತೆ, ನಮ್ಮ ಕೈಮೇಲಿರೋ ಸೊಳ್ಳೆ ಕ್ರೀಮು, ಹೊಗೆಸೊಪ್ಪಿನ ರಸ ಎಲ್ಲ ಅದರ ಮೈಯೊಳಗೇ ಹೋಗತ್ತೆ. ನಾನಂತೂ ಮುಟ್ಟೋದೇ ಇಲ್ಲ. ಒಂದು ಊರಿನ ಹಳ್ಳದಿಂದ ಇನ್ನೊಂದಕ್ಕೆ ಹೋಗೋವಾಗ ಬೂಟು ತೊಳೆದು ಒಣಗಿಸೋದೂ ರೂಢಿ ಮಾಡ್ಕೊಂಡಿದೀನಿ, ಪ್ರಪಂಚದ ಬೇರೆ ಕಡೆ ಕಪ್ಪೆಗಳನ್ನ ಸಾಮೂಹಿಕವಾಗಿ ಕೊಂದಿರೋ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆ ಆಗಿದೆ.

ಹಾವಿನ ವಿಷಯ. ಕಪ್ಪೆ ಇದ್ದಲ್ಲಿ ಹಾವು ಇದ್ದೇ ಇರತ್ತೆ. ಮಲಬಾರ್ ಗುಳಿಮಂಡಲ ಹಸಿರು, ಹಳದಿ, ಕಂದು ಹೀಗೆ ನಾನಾ ಬಣ್ಣದಲ್ಲಿ ಸಿಗತ್ತೆ, ಪೊದೆ ಮೇಲೆ ಎದೆ ಎತ್ತರಕ್ಕೆ ಸುರುಳಿ ಸುತ್ತಿ ಕೂತ್ರೆ ದಿನಗಟ್ಟಲೆ ಅದೇ ಕೊಂಬೆ. ನನಗೆ ಅದು ಕಂಡ್ರೆ ಒಂಥರಾ ಸಮಾಧಾನ, ಎಲ್ಲಿದೆ ಅಂತ ಗೊತ್ತಾಯ್ತಲ್ಲ. ಭಯ ಇರೋದು ನೆಲದ ಮೇಲಿನ ತರಗೆಲೆಯಲ್ಲಿ ತರಗೆಲೆ ಹಾಗೇ ಬಿದ್ದಿರೋ ಗೂನುಮೂಗಿನ ಮಂಡಲಕ್ಕೆ. ನಮ್ಮಲ್ಲಿ ಸಿಗೋ ಆ್ಯಂಟಿವೆನಮ್ ತಯಾರಾಗೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ, ಇದಕ್ಕೆ ಅದು ಕೆಲಸ ಮಾಡಲ್ಲ. ಗಮ್ ಬೂಟು ಹಾಕಿ ಅಂದಿದ್ದು ಅದಕ್ಕೆ. ಇನ್ನು ಆನೆ ಓಡಾಡೋ ಕಡೆ ಕತ್ತಲಲ್ಲಿ ಟಾರ್ಚ್ ಆಫ್ ಮಾಡಿ ನಿಲ್ಲೋ ಸಾಹಸ ಖಂಡಿತ ಬೇಡ, ಸಕಲೇಶಪುರ, ಕೊಡಗಿನ ಕಡೆ ನಾನು ಮನೆ ಅಂಗಳ ಬಿಟ್ಟು ಆಚೆ ಹೋಗಲ್ಲ. ರಿಸರ್ವ್ ಫಾರೆಸ್ಟ್ ಒಳಗೆ ಹೋಗೋಕೆ ಇಲಾಖೆ ಅನುಮತಿ ಬೇಕೇ ಬೇಕು.

ಹೀಗೆ ಕತ್ತಲಲ್ಲಿ ನಿಂತಾಗ ಕೇಳದೇ ಸಿಗೋದೂ ಬಹಳ ಇವೆ. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಕೊಳೆತ ಕೊಂಬೆ ಮೇಲೆ ತಣ್ಣನೆ ಹಸಿರು ಬೆಳಕಿನ ಅಣಬೆ ಕಾಣತ್ತೆ, ಟಾರ್ಚ್ ಹಾಕ್ಕೊಂಡೇ ಓಡಾಡೋರು ಅದನ್ನ ತುಳ್ಕೊಂಡೇ ಹೋಗಿರ್ತಾರೆ. ಟಾರ್ಚ್ ಹಣೆ ಮೇಲಿದ್ರೆ ನೆಲದ ತುಂಬ ಚುಕ್ಕಿ ಚುಕ್ಕಿ ಹೊಳೀತವೆ, ಹತ್ರ ಹೋಗಿ ನೋಡಿದ್ರೆ ಒಂದೊಂದೂ ಜೇಡದ ಕಣ್ಣು. ಜಡಿಮಳೆ ರಾತ್ರಿ ಒಮ್ಮೊಮ್ಮೆ ಇಕ್ತಿಯೋಫಿಸ್ ದಾರಿಗೆ ಅಡ್ಡ ಬರತ್ತೆ, ಕಾಲಿಲ್ಲದ ಉಭಯಚರ, ಮೈತುಂಬ ಉಂಗುರ, ಪಕ್ಕದಲ್ಲಿ ಹಳದಿ ಪಟ್ಟಿ. ಕಪ್ಪೆಯ ನೆಂಟ ಅದು, ಏನೂ ಮಾಡಲ್ಲ, ಹಾವಿನ ಮರಿ ಅಂತ ಹೊಡೆದು ಹಾಕ್ತಾರೆ ಪಾಪ.

ಹಸ್ತ, ಚಿತ್ತೆ ಮಳೆ ಹೊತ್ತಿಗೆ ಹೊಳೆ ಸ್ವಲ್ಪ ಇಳಿದ ಮೇಲೆ ನನ್ನ ಈ ಕಿವಿ ವಿದ್ಯೆ ಉಪಯೋಗಕ್ಕೆ ಬರಲ್ಲ. ಆಗ ಕುಣಿಯೋ ಕಪ್ಪೆಗಳ ಕಾಲ, ಅದೂ ಹಗಲಲ್ಲಿ. ಕೊಟ್ಟಿಗೆಹಾರದ ಹೆಸರಿರೋ ಮೈಕ್ರಿಕ್ಸಲಸ್ ಕೊಟ್ಟಿಗೆಹಾರೆನ್ಸಿಸ್ ನಾರಾಯಣ ರಾವ್ ಅವರೇ 1937ರಲ್ಲಿ ವಿವರಿಸಿದ್ದು. ಹರಿಯೋ ನೀರಿನ ಸದ್ದಲ್ಲಿ ಕೂಗು ಮುಳುಗಿ ಹೋಗತ್ತಲ್ಲ, ಅದಕ್ಕೆ ಗಂಡು ಬಂಡೆ ಮೇಲೆ ಕೂತು ಒಂದು ಹಿಂಗಾಲು ನಿಧಾನ ಹಿಂದಕ್ಕೆ ಚಾಚಿ, ಬೆರಳ ನಡುವಿನ ಪೊರೆ ಅಗಲ ಬಿಚ್ಚಿ ತೋರಿಸಿ, ವಾಪಸ್ ಮಡಚ್ಕೊಳ್ಳತ್ತೆ. ಇನ್ನೊಂದು ಗಂಡು ತೀರಾ ಹತ್ರ ಬಂದ್ರೆ ಅದೇ ಕಾಲಲ್ಲಿ ಒದೆಯೋದೂ ಇದೆ. ಇದಕ್ಕೆ ಬೈನಾಕ್ಯುಲರ್ ತಗೊಂಡು ದಡದಲ್ಲಿ ಕೂತ್ರೆ ಸಾಕು, ನೀರಿಗಿಳಿದು ಬಂಡೆ ಅಲ್ಲಾಡಿಸಬೇಡಿ, ಇವು ಮೊಟ್ಟೆ ಇಡೋದು ಹೊಳೆ ತಳದ ಮರಳು ಜಲ್ಲಿಯೊಳಗೆ.

ರೆಕಾರ್ಡಿಂಗ್ ಬಗ್ಗೆ ಕೇಳೋರಿಗೆ, ಶುರುವಿಗೆ ಮೊಬೈಲೇ ಸಾಕು. ಮೊಬೈಲನ್ನ ಕಪ್ಪೆ ಕಡೆ ಮಾಡಿ ಒಂದು ನಿಮಿಷ ಬಿಡಿ, ಕೊನೇಲಿ ದಿನಾಂಕ, ಹೊತ್ತು, ಮಳೆ ಇತ್ತಾ ಇಲ್ವಾ, ನೆಲದಿಂದ ಎಷ್ಟು ಎತ್ತರದಲ್ಲಿ ಕೂತಿತ್ತು ಅಂತ ಬಾಯಲ್ಲೇ ಹೇಳಿ, ಬರ್ಕೊಳ್ಳೋ ಪುಸ್ತಕ ಆ ಮಳೇಲಿ ಉಳಿಯಲ್ಲ. ಮನೆಗೆ ಬಂದು ರೇವನ್ ಲೈಟ್ ಸಾಫ್ಟ್‌ವೇರಲ್ಲಿ ಹಾಕಿದ್ರೆ ದನಿ ಚಿತ್ರವಾಗಿ ಕಾಣತ್ತೆ, ಜೀರುಂಡೆ ಗೆರೆ ಯಾವುದು ಕಪ್ಪೆ ಗೆರೆ ಯಾವುದು ಅಂತ ಕಣ್ಣಿಗೇ ಗೊತ್ತಾಗತ್ತೆ. ಐನ್ಯಾಚುರಲಿಸ್ಟ್ ಅಂತ ಜನ ತಾವು ಕಂಡ ಜೀವಿಗಳನ್ನ ದಾಖಲಿಸೋ ವೆಬ್‌ಸೈಟ್ ಇದೆ, ಅದಕ್ಕೆ ಹಾಕೋವಾಗ ದನಿ, ಫೋಟೋ ಎರಡೂ ಹಾಕಿ, ಪೊದೆಗಪ್ಪೆಗಳನ್ನ ಬರೀ ಫೋಟೋ ನೋಡಿ ಯಾರೂ ಗ್ಯಾರಂಟಿ ಹೇಳಲ್ಲ, ಹೇಳಿದ್ರೆ ನಂಬಬೇಡಿ. ಕುಂಬಾರನಂಥದ್ದು ಸಿಕ್ಕಾಗ ಜಾಗದ ಗುರುತು ಮಸುಕು ಮಾಡೋ ಆಯ್ಕೆ ಇದೆ, ಅದನ್ನ ಒತ್ತಿ. ಒಂದು ಹಳ್ಳದ ಜಾಗ ಎಲ್ಲರಿಗೂ ಗೊತ್ತಾದ ಮುಂದಿನ ಮಳೆಗಾಲ ಅಲ್ಲಿ ಕ್ಯಾಮೆರಾ ಹಿಡಿದವರ ಸಾಲು ನಿಂತಿದ್ದನ್ನ ನೋಡಿದೀನಿ, ಹಳ್ಳದ ಅಂಚು ಪೂರಾ ತುಳಿದು ಕೆಸರಾಗಿತ್ತು, ಕಡ್ಡಿಗಳೆಲ್ಲ ಮುರಿದಿದ್ವು. ಅದಾದ ಮೇಲೆ ಜಾಗ ಕೇಳಿದೋರಿಗೆ ನಾನು ತಾಲೂಕಿನ ಹೆಸರು ಮಾತ್ರ ಹೇಳ್ತೀನಿ, ಅದಕ್ಕೂ ಹೆಚ್ಚು ಬೇಕಾದ್ರೆ ಮಳೇಲಿ ಬಂದು ನಿಂತು ಕೇಳಿಸ್ಕೊಳ್ಳಿ ಅಂತೀನಿ.