ಮಳೆಗಾಲದಲ್ಲಿ ಕೋವಿಯ ತೋಟಾ ಸಿಕ್ಕಿಕೊಳ್ಳುತ್ತಿತ್ತು, ಸರಿಯಾದದ್ದು ಹೀಗೆ

ಶಿರಸಿ ಕಡೆ ಅಡಿಕೆ ತೋಟ, ಹಂದಿ ಮಂಗನ ಕಾಟಕ್ಕೆ ಲೈಸೆನ್ಸ್ ಇರುವ 12 ಬೋರ್ ಜೋಡುನಳಿಗೆ ಕೋವಿ. ಆಷಾಢದಿಂದ ಬಲ ನಳಿಗೆಯಲ್ಲಿ ಹೊಡೆದ ತೋಟಾದ ಖಾಲಿ ಕೇಸು ಹೊರಗೆ ಬರುತ್ತಲೇ ಇರಲಿಲ್ಲ.

ತೋಟಾ ಬದಲಿಸಿದೆ, ಪ್ರಯೋಜನ ಇಲ್ಲ. ಕೊಬ್ಬರಿ ಎಣ್ಣೆ ಹಚ್ಚಿದೆ, ಅದು ಅಂಟಾಗಿ ಇನ್ನೂ ಜಾಸ್ತಿ ಹಿಡಿಯಿತು. ಅದೇ ತೋಟಾ ಎಡ ನಳಿಗೆಯಿಂದ ಸಲೀಸಾಗಿ ಬರುತ್ತಿತ್ತು, ಅಂದರೆ ತಪ್ಪು ತೋಟಾದ್ದಲ್ಲ ಅಲ್ವಾ?

ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿ, ನಳಿಗೆ ಬಿಚ್ಚಿ, ಟಾರ್ಚ್ ಹಿಡಿದೆ. ತೋಟಾ ಕೂರುವ ಜಾಗದಲ್ಲಿ ತೆಳು ತುಕ್ಕು. 12 ಬೋರಿನ ಹಿತ್ತಾಳೆ ಬ್ರಷ್‌ಗೆ ಗನ್ ಆಯಿಲ್ ಹಚ್ಚಿ, ತೋಟಾ ಹಾಕುವ ಕಡೆಯಿಂದಲೇ ತೂರಿಸಿ ತಿರುಗಿಸಿದೆ. 20 ನಿಮಿಷ ಬಿಟ್ಟು ಮತ್ತೊಮ್ಮೆ. ಆಮೇಲೆ ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ತೀರಾ ತೆಳುವಾಗಿ ಎಣ್ಣೆ. ಹೊಡೆಯುವ ಮೊದಲು ಆ ಎಣ್ಣೆಯನ್ನೂ ಒಣ ಬಟ್ಟೆಯಿಂದ ಒರೆಸಲೇಬೇಕು. ಉಪ್ಪುಕಾಗದ ಮುಟ್ಟಿಸಬೇಡಿ, ಅಳತೆ ಕೆಡುತ್ತದೆ. ತುಕ್ಕು ಗುಳಿಬಿದ್ದಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೇ ಕೊಡಿ.

ಮೂಲ ಕಾರಣ ಚರ್ಮದ ಚೀಲ. ಅದು ತೇವ ಹಿಡಿದಿಡುತ್ತದೆ. ಈಗ ಚೀಲವಿಲ್ಲದೆ, ಬೀಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ತೋಟಾ ಬೇರೆ ಕಡೆ. ಮಳೆ ಇರುವಷ್ಟು ದಿನ ವಾರಕ್ಕೊಮ್ಮೆ ಒರೆಸುತ್ತೇನೆ.

ಸಿಕ್ಕಿಕೊಂಡದ್ದು ಹೊಡೆಯದ ತೋಟಾ ಆಗಿದ್ದರೆ ಮಾತ್ರ ಸುಮ್ನೆ ಕೋಲು ಹಾಕಿ ದೂಡಬೇಡಿ, ಅದು ಸಿಡಿಯಬಹುದು.